ಎಡಗಿವಿಗೆ ಹೇಳಿದ್ದು

"ಶಬ್ದ ಎಷ್ಟೇ ಸಣ್ಣದಾಗಿ ಕೇಳಿಸಿದರೂ ಬೆರಳೆತ್ತಿ. ಕೇಳಿಸದಿದ್ದರೆ ಸುಮ್ಮನಿರಿ."

ದಿನಕ್ಕೆ ಹದಿನೈದು ಸಲ ಹೇಳುವ ಮಾತು. ಅಂದೂ ಹೇಳಿ, ಗಾಜಿನ ಕೋಣೆಯ ದಪ್ಪ ಬಾಗಿಲು ಮುಚ್ಚಿ, ಈಚೆ ಬಂದು ಅವಳು ಯಂತ್ರದ ಮುಂದೆ ಕುಳಿತಳು. ಕಿವಿ ಆಸ್ಪತ್ರೆಯಲ್ಲಿ ಆರು ವರ್ಷದಿಂದ ಅವಳದ್ದು ಇದೇ ಕೆಲಸ. ಜನರಿಗೆ ಏನು ಕೇಳಿಸುತ್ತದೆ, ಏನು ಕೇಳಿಸುವುದಿಲ್ಲ ಎಂದು ಕಾಗದದ ಮೇಲೆ ಗುರುತು ಹಾಕುವುದು.

ಒಳಗೆ ಕುಳಿತಿದ್ದವನು ಸರ್ವೇಯರ್. ಬಿಸಿಲಿಗೆ ಕಂದಿದ ಮುಖ, ಬೂಟಿನ ಅಂಚಿಗೆ ಒಣಗಿ ಅಂಟಿದ ಮಣ್ಣು. ಬಂಡೆ ಸಿಡಿಸುವ ಜಾಗದಲ್ಲಿ ಅಳತೆಗೆ ನಿಂತಿದ್ದಾಗ ಒಂದು ಸಿಡಿಮದ್ದು ಹೇಳದೆ ಕೇಳದೆ ಸಿಡಿದಿತ್ತಂತೆ. ಅಂದಿನಿಂದ ಅವನ ಎಡಗಿವಿಗೆ ಲೋಕ ಮುಚ್ಚಿಹೋಗಿತ್ತು.

ಅವಳು ಗುಂಡಿ ಒತ್ತಿದಳು. ಬೆರಳು ಏಳಲಿಲ್ಲ. ಇನ್ನಷ್ಟು ಜೋರು ಮಾಡಿದಳು. ಏಳಲಿಲ್ಲ. ಇನ್ನೂ ಜೋರು... ಊಹೂಂ.

ಕಣ್ಣು ಮುಚ್ಚಿ ಕುಳಿತಿದ್ದವನು ಒಮ್ಮೆ ಕಣ್ಣು ತೆರೆದು, ಗಾಜಿನಾಚೆ ಮುಂದಕ್ಕೆ ಬಾಗಿ ಕುಳಿತಿದ್ದ ಅವಳನ್ನು ನೋಡಿದ. ಆಮೇಲೆ ಮೆಲ್ಲಗೆ ಬೆರಳೆತ್ತಿದ!

ಆ ಹೊತ್ತಿಗೆ ಅವಳು ಯಾವ ಶಬ್ದವನ್ನೂ ಕಳಿಸಿರಲಿಲ್ಲ.

ಎದ್ದು ಹೋಗಿ ಬಾಗಿಲು ತೆರೆದಳು. "ಏನು ಕೇಳಿಸ್ತು?"

"ಏನೂ ಇಲ್ಲ."

"ಮತ್ತೆ ಬೆರಳು?"

"ನೀವು ಅಷ್ಟು ಆಸೆಯಿಂದ ಕಾಯ್ತಾ ಕೂತಿದ್ರಿ ಮೇಡಂ... ಪಾಪ, ಬೇಜಾರಾಗಬಾರದು ಅಂತ."

ಆ ಕೋಣೆಯಲ್ಲಿ ಅತ್ತವರನ್ನು ಅವಳು ಕಂಡಿದ್ದಳು, ರೇಗಿದವರನ್ನು ಕಂಡಿದ್ದಳು. ತನಗೇ ಸಮಾಧಾನ ಹೇಳಿದವನನ್ನು ಕಂಡಿರಲಿಲ್ಲ.

"ಪರೀಕ್ಷೇಲಿ ಸುಳ್ಳು ಹೇಳಬಾರದು," ಎಂದು ಗದರಿದಳು. ದನಿ ಮಾತ್ರ ಗದರಲಿಲ್ಲ.

ಬಲಗಿವಿಯ ಸರದಿ ಬಂದಾಗ ಅವಳ ಪೆನ್ನು ಒಂದು ಕ್ಷಣ ನಿಂತಿತು. ಕಾಗದದ ಮೇಲೆ ಕೆಂಪು ಗುರುತುಗಳು ಸಾಲಿನ ಕೊನೆಗೆ ಬರುತ್ತಾ ಕೆಳಗಿಳಿಯತೊಡಗಿದ್ದವು... ಈ ಕಿವಿಯ ಶಕ್ತಿಯೂ ಇಳಿಯುತ್ತಿದೆ. ಎಷ್ಟು ವರ್ಷ ಉಳಿಯುತ್ತದೋ ಡಾಕ್ಟರರಿಗೂ ಹೇಳಲಾಗಲಿಲ್ಲ.

ಅವನು ಹೋದ ಮೇಲೂ ಎತ್ತಿದ ಆ ಸುಳ್ಳು ಬೆರಳು ಅವಳ ಕಣ್ಣ ಮುಂದಿನಿಂದ ಇಳಿಯಲಿಲ್ಲ.

*

ಎರಡು ತಿಂಗಳ ನಂತರ ಗೆಳತಿಯ ಮನೆಯಲ್ಲಿ ಅವನು ಮತ್ತೆ ಸಿಕ್ಕಿದ!

ಗೆಳತಿಗೆ ಶಾಲೆಯಿಂದಲೂ ಗಡಿಬಿಡಿ ಎಂದೇ ಹೆಸರು. ಅವಳ ಗಂಡ ಗೋದಾಮಿನ ಮೇಲ್ವಿಚಾರಕ. ತೂಗದೆ ಯಾವುದನ್ನೂ ನಂಬುವವನಲ್ಲ. ಒಂಬತ್ತು ದಿನ, ನೂರಾ ಎಂಟು ಕಿಲೋಮೀಟರ್ ಬೆಟ್ಟದ ಹಾದಿ, ಬೆನ್ನ ಮೇಲೆ ಮನೆ ಹೊತ್ತು ನಡೆಯುವುದು ಎಂದು ಗಂಡ ಹೆಂಡತಿ ತೀರ್ಮಾನಿಸಿಯಾಗಿತ್ತು. ದಾರಿ ಗುರುತಿಸಲು ಗಂಡ ತನ್ನ ಹಳೆಯ ಸ್ನೇಹಿತ ಸರ್ವೇಯರನನ್ನು ಕರೆದಿದ್ದ. ಹೆಂಡತಿ ಇವಳನ್ನು ಎಳೆದುಕೊಂಡು ಬಂದಿದ್ದಳು.

ಹಜಾರದ ತುಂಬ ಡೇರೆ, ಮಲಗುವ ಚೀಲ, ಸ್ಟವ್, ಕಾಲುಚೀಲ. ನಡುವೆ ಅಡುಗೆಮನೆಯ ತಕ್ಕಡಿ.

"ಏನಮ್ಮ ನಾದಿನಿ, ಬ್ಯಾಗು ಹದಿಮೂರು ಕೆಜಿ? ಮೂರು ಕೆಜಿ ತೆಗೀಬೇಕು. ಹಲ್ಲುಜ್ಜೋ ಬ್ರಷ್ಷಿನ ಹಿಡಿಯನ್ನೂ ಅರ್ಧ ಕತ್ತರಿಸು," ಎಂದ ಗೆಳತಿಯ ಗಂಡ. ಹೆಂಡತಿಯ ಗೆಳತಿ ಅವನ ಬಾಯಲ್ಲಿ ನಾದಿನಿ, ಅವಳಿಗೆ ಅವನು ಭಾವ.

"ಭಾವ, ನಿಮ್ಮ ಹೊಟ್ಟೆ ಅರ್ಧ ಕತ್ತರಿಸಿದ್ರೆ ನಾವು ಮೂವರೂ ಆರಾಮಾಗಿ ಹೋಗಬಹುದು!"

"ಹಾಗೆ ಹೇಳೇ! ನಾನು ಹೇಳಿದ್ರೆ ಮುನಿಸ್ಕೋತಾರೆ," ಎಂದು ಗಡಿಬಿಡಿ ಚಪ್ಪಾಳೆ ಹೊಡೆದಳು.

ನೆಲದ ಮೇಲೆ ನಕ್ಷೆ ಹರಡಿ ಕುಳಿತಿದ್ದ ಸರ್ವೇಯರ್ ತಲೆಯೆತ್ತಿದ. ಗುರುತು ಹಿಡಿದ. ನಗಲಿಲ್ಲ.

ಸ್ವಲ್ಪ ಹೊತ್ತಿಗೆ ಬಾಲ್ಕನಿಯಲ್ಲಿ ಅವಳೊಬ್ಬಳೇ ಸಿಕ್ಕಾಗ ತಗ್ಗಿದ ದನಿಯಲ್ಲಿ ಹೇಳಿದ. "ಎಡಗಿವಿದು ಇವರಿಗೆಲ್ಲ ಗೊತ್ತು. ಬಲಗಿವಿದು ನಿಮಗೊಬ್ಬರಿಗೇ ಗೊತ್ತು. ದಯವಿಟ್ಟು ಹೇಳಬೇಡಿ."

"ನಾನ್ಯಾಕೆ ಹೇಳಲಿ?"

"ಇನ್ನೊಂದು... ನನ್ನ ಕಂಡು ಕನಿಕರ ಪಡಬೇಡಿ. ಬೇರೆ ಎಷ್ಟು ತೂಕ ಬೇಕಾದ್ರೂ ಹೊರ್ತೀನಿ. ಅದೊಂದನ್ನ ಹೊರಲಾರೆ."

ಅವಳು ತಲೆಯಾಡಿಸಿದಳು.

ಇದು ಕನಿಕರ ಅಲ್ಲ. ಆದರೆ ಏನೆಂದು ಹೇಳಲಿ? ಹೇಳಿದರೂ ಇವರಿಗೆ ಕನಿಕರದಂತೆಯೇ ಕೇಳಿಸುತ್ತದಲ್ಲಾ...

*

ಮೊದಲ ದಿನ ಕಾಲು ನೋವು, ಹೆಗಲು ನೋವು. ಎರಡನೆಯ ದಿನ ಹೊಸ ನೋವುಗಳು. ಗಡಿಬಿಡಿ ಪ್ರತಿ ತಿರುವಿನಲ್ಲೂ "ಇನ್ನೆಷ್ಟು ದೂರ?" ಎನ್ನುವಳು, ಸರ್ವೇಯರ್ ಜೇಬಿನಿಂದ ಅಳತೆ ಪುಸ್ತಕ ತೆಗೆದು ಇದ್ದದ್ದನ್ನು ಇದ್ದ ಹಾಗೆ ಹೇಳುವನು.

"ಸ್ವಲ್ಪ ಸುಳ್ಳು ಹೇಳೋಕೆ ಬರಲ್ವಾ ನಿಮಗೆ?" ಎಂದಳು ಗಡಿಬಿಡಿ.

ಬರುತ್ತೆ, ಎಂದುಕೊಂಡಳು ಅವಳು. ಬೆರಳಿನಲ್ಲಿ ಬರುತ್ತೆ.

ಏನಾದರೂ ಹೇಳಬೇಕಾದಾಗ ಎಲ್ಲರೂ ಅವನ ಬಲಕ್ಕೆ ಹೋಗುತ್ತಿದ್ದರು. ಎರಡನೆಯ ದಿನದ ಮಧ್ಯಾಹ್ನ ಹಾದಿ ಅಗಲವಾದಾಗ ಅವಳು ತಿಳಿಯದೆ ಅವನ ಎಡಕ್ಕೆ ಬಂದಿದ್ದಳು. "ನಿಮ್ಮ ಜೊತೆ ನಡೆದರೆ ಏರು ಗೊತ್ತೇ ಆಗಲ್ಲ," ಎಂದಳು ಮೆಲುದನಿಯಲ್ಲಿ.

ಅವನು ಸುಮ್ಮನೆ ನಡೆಯುತ್ತಿದ್ದ.

ಆಗ ಹೊಳೆಯಿತು. ಕೇಳಿಸಿಲ್ಲ... ಈ ಕಿವಿಗೆ ಏನೂ ಕೇಳಿಸುವುದಿಲ್ಲವೆಂದು ಗುರುತು ಹಾಕಿದವಳು ತಾನೇ ಅಲ್ಲವೇ!

ಅವಳಿಗೆ ನಗು ಬಂತು. ಹಿಂದೆಯೇ ಕಣ್ಣು ತುಂಬಿತು. ಮನಸ್ಸಿನೊಳಗೆ ಯಾವುದೋ ಕಟ್ಟು ಸಡಿಲಿತು.

ಚಿಕ್ಕಂದಿನಲ್ಲಿ ಅವಳ ಅಜ್ಜಿ ಬೆಳಗಾದರೆ ಕಿಟಕಿಯ ಬಳಿ ಕುಳಿತು ದೇವರಿಗೆ ರಾಗವಾಗಿ ಪದ್ಯ ಹೇಳುತ್ತಿದ್ದರು. ಅವಳು ಮಗ್ಗುಲಲ್ಲಿ ಮೈಯೆಲ್ಲ ಕಿವಿಯಾಗಿ ಕುಳಿತಿರುತ್ತಿದ್ದಳು. "ಅಜ್ಜಿ, ದೇವರು ಉತ್ತರ ಕೊಡಲ್ವಲ್ಲ?" ಎಂದು ಒಮ್ಮೆ ಕೇಳಿದ್ದಕ್ಕೆ ಅಜ್ಜಿ ನಕ್ಕಿದ್ದರು. "ಉತ್ತರ ಬರಲಿ ಅಂತ ಯಾರು ಹೇಳ್ತಾರೆ ಮಗಾ? ಹೇಳದೆ ಇರೋಕಾಗಲ್ಲ, ಅದಕ್ಕೆ ಹೇಳೋದು."

ಮೂರನೆಯ ದಿನವೂ ಅವಳು ಆಗಾಗ ಅವನ ಎಡಕ್ಕೆ ನಡೆದಳು. ಹಾಗೆಯೇ ಹೇಳಿದಳು, ಉತ್ತರ ಕೇಳದ ದನಿಯಲ್ಲಿ. "ನೀವು ಹೋದ ಮೇಲೆ ಆ ಗಾಜಿನ ಕೋಣೆ ಖಾಲಿ ಅನ್ನಿಸ್ತು." ಇನ್ನೊಮ್ಮೆ, "ನಿಮಗೆ ಕೇಳದೇ ಇರೋದನ್ನೆಲ್ಲ ನಾನು ಕೇಳಿ ಹೇಳ್ತೀನಿ, ಜೀವ ಇರೋವರೆಗೂ."

ಅವನು ಕಣ್ಣು ಹಾದಿಯ ಮೇಲಿಟ್ಟು ನಡೆಯುತ್ತಿದ್ದ.

ನಾಲ್ಕನೆಯ ದಿನ ಸಡಿಲ ಕಲ್ಲಿನ ಇಳಿಜಾರು ದಾಟುತ್ತಿದ್ದರು. ಎಡಗಡೆ ಮೇಲಿನಿಂದ ಗುಂಡುಕಲ್ಲುಗಳು ಗಡಗಡ ಉರುಳಿ ಬಂದವು. ಬಲಕ್ಕೆ ಕೆಳಗಿನ ಹೊಳೆಯ ಮೊರೆತ; ಮುಂದಿದ್ದ ಅವನು ತಿರುಗಲೇ ಇಲ್ಲ. ಅವಳು ಓಡಿ, ತೋಳು ಹಿಡಿದು ಜಗ್ಗಿದಳು. ಇಬ್ಬರೂ ಬಿದ್ದರು. ಅವನು ನಿಂತಿದ್ದ ಜಾಗದಲ್ಲಿ ಕಲ್ಲುಗಳು ಪುಟಿದು ಕೆಳಗೆ ಹೋದವು.

"ಅಯ್ಯೋ ದೇವರೇ!" ಎಂದು ಗಡಿಬಿಡಿ ಚೀರಿದಳು.

ಅವನ ಮುಖ ಬಿಳಿಚಿತ್ತು. ಅವಳ ಕೈಯಿಂದ ತೋಳು ಬಿಡಿಸಿಕೊಂಡ.

"ಎಡಕ್ಕೆ ಯಾಕೆ ಬರ್ತೀರಿ ಅಂತ ಈಗ ಗೊತ್ತಾಯ್ತು. ಕಾವಲು ಕಾಯ್ತಿದ್ರಾ? ಇಲ್ಲಿ ನಾನು ನಿಮ್ಮ ಪೇಷಂಟ್ ಅಲ್ಲ!"

ಆ ಮಾತು ಕಲ್ಲಿಗಿಂತ ಜೋರಾಗಿ ತಾಗಿತು. ಅವನಿಗೆ ಸಿಟ್ಟು ಬಂದದ್ದು ತನ್ನ ಕಿವಿಯ ಮೇಲೆ, ತನ್ನ ಭಯದ ಮೇಲೆ. ಅವಳಿಗೆ ಅದು ತಿಳಿಯುವುದಾದರೂ ಹೇಗೆ?

ಮರುದಿನದಿಂದ ಅವಳು ಭಾವನ ಹಿಂದೆ, ಸಾಲಿನ ಕೊನೆಯಲ್ಲಿ ನಡೆದಳು.

"ಏನಾಯ್ತೇ ನಿಂಗೆ?"

"ಸುಸ್ತು ಕಣೇ."

"ಸುಸ್ತು ಮುಖದ ಮೇಲೆ ಇರಲ್ಲ, ಕಾಲಲ್ಲಿರುತ್ತೆ," ಎಂದು ಗಡಿಬಿಡಿ ಗೊಣಗಿದಳು. "ಅತ್ತ ಅವರೂ ಮುಖ ಊದಿಸ್ಕೊಂಡಿದ್ದಾರೆ. ಊರಿಗೆ ಹೋದ ಮಾರನೇ ದಿನವೇ ಅವರು ಎರಡು ವರ್ಷ ಹೊರಗೆ, ಅಣೆಕಟ್ಟಿನ ಸರ್ವೇಗೆ. ನಗ್ತಾ ಕಳಿಸೋಣ ಅಂತ ನಾವು..."

ಎರಡು ವರ್ಷ! ಅವಳು ಬೂಟಿನ ದಾರ ಕಟ್ಟುವವಳಂತೆ ಕುಳಿತುಬಿಟ್ಟಳು. ಕಟ್ಟಿದ್ದನ್ನೇ ಬಿಚ್ಚಿ ಮತ್ತೆ ಕಟ್ಟಿದಳು.

ಎಂಟನೆಯ ದಿನ ಬೆಳಿಗ್ಗೆ ಎರಡು ಶಿಖರಗಳ ನಡುವೆ ಹಾದಿಯ ತುಟ್ಟತುದಿಗೆ ತಲುಪಿದರು. ಅಲ್ಲಿಂದಾಚೆ ಏರಿಲ್ಲ. ಭಾವ ಮೊಣಕಾಲೂರಿ ನೆಲಕ್ಕೆ ಹಣೆ ಮುಟ್ಟಿಸಿದ. ಗಡಿಬಿಡಿ ಎಷ್ಟೋ ದಿನದ ಕನಸು ಕೈಗೂಡಿತೆಂದು ಅಳುತ್ತಾ ನಗುತ್ತಿದ್ದಳು.

ಸರ್ವೇಯರ್ ಮಾತ್ರ ಅಂಚಿನಲ್ಲಿ ಕಣ್ಣು ಮುಚ್ಚಿ, ಬಲಗಿವಿಯನ್ನು ಕಣಿವೆಗೆ ತಿರುಗಿಸಿ ನಿಂತಿದ್ದ.

ದೂರ ನಿಂತಿದ್ದ ಅವಳಿಗೆ ಅರ್ಥವಾಯಿತು. ಇದ್ದಾಗಲೇ ತುಂಬಿಕೊಳ್ಳುತ್ತಿದ್ದಾರೆ... ಗಾಳಿ, ನೀರು, ಹಕ್ಕಿ. ಓಡಿಹೋಗಿ ಆ ಕಿವಿಯಲ್ಲಿ ತನ್ನದೂ ಒಂದು ಮಾತು ತುಂಬಬೇಕೆಂದು ಜೀವ ಎಳೆಯಿತು.

'ನೀನು ಅವರಿಗೆ ಕಾವಲುಗಾರ್ತಿ ಅಷ್ಟೇ,' ಎಂದು ಮನಸ್ಸು ಚುಚ್ಚಿತು. ಕಾಲು ಏಳಲಿಲ್ಲ.

*

ಒಂಬತ್ತನೆಯ ದಿನ. ಕೆಳಗೆ ಟಾರು ರಸ್ತೆ ಕಾಣುತ್ತಿತ್ತು. ಅವರನ್ನು ಕರೆದೊಯ್ಯುವ ವ್ಯಾನೂ ಬೆಂಕಿಪೆಟ್ಟಿಗೆಯಷ್ಟು ಕಾಣುತ್ತಿತ್ತು. ಕೊನೆಯ ವಿಶ್ರಾಂತಿಗೆಂದು ಎಲ್ಲರೂ ಹೊರೆ ಇಳಿಸಿದರು.

"ಒಟ್ಟು ಎಷ್ಟು ನಡೆದ್ವಿ? ನನಗೆ ಪಕ್ಕಾ ಲೆಕ್ಕ ಬೇಕು," ಎಂದ ಭಾವ.

ಸರ್ವೇಯರ್ ಎದ್ದು ಬಂದು ಅಳತೆ ಪುಸ್ತಕವನ್ನು ಅವಳ ಮುಂದೆ ಹಿಡಿದ. ಐದು ದಿನಗಳ ನಂತರ ಮೊದಲ ಮಾತು. "ನೀವೇ ಕೂಡಿ ಹೇಳ್ತೀರಾ?"

ಅವಳು ಪುಸ್ತಕ ತೆರೆದಳು. ದಿನ, ದೂರ, ಎತ್ತರ... ಎಲ್ಲ ಅಚ್ಚುಕಟ್ಟು. ಕೊನೆಯ ಅಂಕಣದ ತಲೆಯ ಮೇಲೆ 'ಷರಾ' ಎಂದು ಬರೆದಿತ್ತು. ಹಾದಿಯಲ್ಲಿ ಕಂಡದ್ದನ್ನು ಗುರುತು ಮಾಡುವ ಜಾಗ.

*ಎರಡನೇ ದಿನ: ಎಡಕ್ಕೆ ಬಂದು ಏನೋ ಹೇಳಿದರು. ತಿಳಿಯಲಿಲ್ಲ.*

*ಮೂರನೇ ದಿನ: ಇವತ್ತೂ ಎಡಕ್ಕೇ ಬಂದರು. ನೆರಳಿನಲ್ಲಿ ಕೈ ಆಡುತ್ತಿತ್ತು. ತಿರುಗಿ ನೋಡಿದರೆ ನಿಲ್ಲಿಸಿಬಿಡುತ್ತಾರೆಂದು ನೋಡಲಿಲ್ಲ.*

*ನಾಲ್ಕನೇ ದಿನ: ಪ್ರಾಣ ಉಳಿಸಿದರು. ಬೈದೆ. ನನ್ನಂಥ ಮೂರ್ಖ ಇಲ್ಲ.*

*ಐದನೇ ದಿನ: ಎಡಕ್ಕೆ ಯಾರೂ ಬರಲಿಲ್ಲ.*

*ಆರನೇ ದಿನ: ಬರಲಿಲ್ಲ.*

*ಏಳನೇ ದಿನ: ಕೇಳದ ಕಿವಿಗೂ ಇಷ್ಟು ಮೌನ ತಿಳಿಯುತ್ತದೆಂದು ಗೊತ್ತಿರಲಿಲ್ಲ.*

*ಎಂಟನೇ ದಿನ: ಗಾಳಿ ಕೇಳಿದೆ. ನೀರು ಕೇಳಿದೆ. ಕೇಳಬೇಕಿದ್ದ ದನಿ ದೂರ ನಿಂತಿತ್ತು.*

ಅಕ್ಷರಗಳು ಕಲಸಿಹೋದವು.

"ಎಷ್ಟಾಯ್ತು ನಾದಿನಿ?"

"ಇನ್ನೂ ಕೂಡ್ತಿದ್ದೀನಿ ಭಾವ..."

ಗಡಿಬಿಡಿ ಗೆಳತಿಯ ಮುಖ ನೋಡಿದಳು, ಸರ್ವೇಯರನ ಮುಖ ನೋಡಿದಳು. ಗಂಡನ ಬ್ಯಾಗಿನ ಪಟ್ಟಿ ಹಿಡಿದು ಎಳೆದಳು. "ಏಳ್ರೀ, ವ್ಯಾನು ಹೊರಟುಬಿಟ್ಟರೆ!"

"ನಮಗೋಸ್ಕರ ಬಂದಿರೋ ವ್ಯಾನು ನಮ್ಮನ್ನ ಬಿಟ್ಟು ಎಲ್ಲಿ ಹೋಗುತ್ತೇ?"

"ಏಳಿ ಅಂದ್ರೆ ಏಳಿ!"

ಇಬ್ಬರೂ ಜಗಳವಾಡುತ್ತ ಇಳಿದುಹೋದರು.

"ಪುಸ್ತಕ ಬೇಕಂತಲೇ ಕೊಟ್ಟೆ," ಎಂದ ಅವನು. "ಎಲ್ಲರೂ ನನ್ನ ಬಲಕ್ಕೆ ಬರ್ತಾರೆ. ನನ್ನ ಕಿವಿಯ ವಿಷಯ ಎಲ್ಲರಿಗಿಂತ ಚೆನ್ನಾಗಿ ಗೊತ್ತಿರೋ ನೀವು ಎಡಕ್ಕೆ ಬರ್ತಿದ್ರಿ. ಕಾವಲಿಗೆ ಅಂದ್ಕೊಂಡು ರೇಗಿದೆ. ಆಮೇಲೆ ಯೋಚನೆ ಬಂತು. ಕಾವಲಿಗೆ ಬರೋರು ಯಾಕೆ ಮಾತಾಡ್ತಾರೆ? ಏನು ಹೇಳ್ತಿದ್ರಿ?"

"ಹೇಳಿದ್ರೆ ಕನಿಕರ ಅಂತೀರಿ."

"ಅಲ್ವಾ?"

ಅವಳು ಪುಸ್ತಕ ಮುಚ್ಚಿದಳು. "ಕನಿಕರ ಆಗಿದ್ರೆ ಬಲಗಿವಿಗೆ ಹೇಳ್ತಿದ್ದೆ. ಜೋರಾಗಿ, ಬಿಡಿಸಿ ಬಿಡಿಸಿ. ದಿನಕ್ಕೆ ಹದಿನೈದು ಜನಕ್ಕೆ ಹಾಗೇ ಹೇಳ್ತೀನಿ, ಅದು ನನ್ನ ಕೆಲಸ. ಎಲ್ಲಿ ಕೇಳಿಸಿಬಿಡುತ್ತೋ ಅಂತ ಹೆದರಿದ ಮಾತನ್ನ ಮಾತ್ರ... ಆ ಕಡೆ ಇಟ್ಟೆ."

ಅವನು ಬಲಗಿವಿಯನ್ನು ಬೆರಳಿನಿಂದ ಮುಟ್ಟಿಕೊಂಡ.

"ಬಲಗಿವಿನೂ ಹೋಗುತ್ತೆ ಒಂದು ದಿನ."

"ಹೋದ್ರೆ ಅಂಗೈ ಮೇಲೆ ಬರೀತೀನಿ."

"ಎರಡು ವರ್ಷ ದೂರ ಇರ್ತೀನಿ."

"ಒಂಬತ್ತು ದಿನ ಉತ್ತರ ಇಲ್ಲದೆ ನಡೆದಿದ್ದೀನಿ. ಉತ್ತರ ಇದ್ರೆ ಎರಡು ವರ್ಷ ಏನು ಮಹಾ?"

ಅವನು ಬಂಡೆಯ ಮೇಲೆ ಕುಳಿತ. ಗಾಜಿನ ಕೋಣೆಯಲ್ಲಿ ಕುಳಿತಂತೆಯೇ ಬೆನ್ನು ನೆಟ್ಟಗೆ, ಕೈ ಮೊಣಕಾಲ ಮೇಲೆ. ಬಲಗಿವಿಯನ್ನು ಅವಳತ್ತ ತಿರುಗಿಸಿ ಕಣ್ಣು ಮುಚ್ಚಿದ.

"ಪರೀಕ್ಷೆ ಮಾಡಿ."

ಅವಳು ಬಾಗಿದಳು. ಉಸಿರು ಅವನ ಕಿವಿಗೆ ತಾಗುವಷ್ಟು ಹತ್ತಿರ. ಎಡಕ್ಕೆ ಹೇಳಿದ್ದನ್ನೆಲ್ಲ ಒಂದೇ ಮಾತಿಗೆ ತಂದು ಪಿಸುಗುಟ್ಟಿದಳು.

"ನೀವು ಅಂದ್ರೆ ನನಗೆ ಪ್ರಾಣ."

ಬೆರಳು ಏಳಲಿಲ್ಲ.

ಅವಳು ಕಾದಳು. ಏಳಲಿಲ್ಲ.

"ಕೇಳಿಸಲಿಲ್ವಾ?"

"ಕೇಳಿಸ್ತು." ಅವನ ಮುಚ್ಚಿದ ರೆಪ್ಪೆಗಳ ಅಂಚು ಒದ್ದೆಯಾಗಿತ್ತು. "ಅಕ್ಷರ ಅಕ್ಷರವೂ ಕೇಳಿಸ್ತು."

"ಮತ್ತೆ ಬೆರಳು?"

"ಎತ್ತಿದ್ರೆ ಪರೀಕ್ಷೆ ಮುಗಿದುಹೋಗುತ್ತಲ್ಲ..." ಎನ್ನುತ್ತಾ ಅವನು ಅವಳ ಕೈ ಹುಡುಕಿ ಹಿಡಿದ. "ಇನ್ನೊಂದು ಸಲ ಹೇಳು."