ಅರವತ್ತಮೂರನೇ ಸೈಕಾಲ್

ಊಟ ಬಲ್ಲವನಿಗೆ ರೋಗವಿಲ್ಲ, ಮೌಸ್ ಬಲ್ಲವಳಿಗೆ ಜಗಳ ಬಿಟ್ಟರೆ ಗತಿಯಿಲ್ಲ. ಗಾದೆ ಹಾಗಿಲ್ಲವಲ್ಲ ಎಂದು ನೀವು ಹುಬ್ಬೇರಿಸಬಹುದು. ಏರಿಸಿ. ಗಾದೆ ಸುಳ್ಳಾದರೂ ಈ ಕತೆ ಸುಳ್ಳಲ್ಲ. ಬಿಷ್ಕೆಕ್‌ನಲ್ಲಿ ಬುರುಲ್‌ಳ ಕಂಪ್ಯೂಟರ್ ಕ್ಲಬ್ಬಿಗೆ ಹನ್ನೆರಡು ಮೆಟ್ಟಿಲು ಇಳಿದು ಹೋಗಿ, ಎದುರಿಗೆ ಸಿಕ್ಕವರನ್ನು ಕೇಳಿ. ಅಲ್ಲಿ ದೇವರಿಗೆ ಸಮನಾದ ಬ್ರೆಡ್ ಮುಟ್ಟಿ ಆಣೆ ಮಾಡುತ್ತಾರೆ.

ಬುರುಲ್ ಕ್ಲಬ್ಬಿನ ಒಡತಿ; ಬಂದವರೆಲ್ಲರ ಬಾಯಲ್ಲಿ ಎಜೆ, ಅಂದರೆ ಅಕ್ಕ. ಹಗಲು ಪಾಳಿಯ ಮೇಜು ಸೈಕಾಲ್‌ಳದು. ಇಪ್ಪತ್ತನಾಲ್ಕು ವರ್ಷ, ಚೂಪು ನಾಲಿಗೆ, ಅದಕ್ಕಿಂತ ಚೂಪು ಗುರಿ. ಬಲಗೈ ಮೌಸಿನ ಮೇಲಿದ್ದರೆ ಪರದೆಯ ಮೇಲೆ ನೊಣ ಕೂತರೂ ತಪ್ಪಿಸಿಕೊಳ್ಳುವಂತಿರಲಿಲ್ಲ. ಇನ್ನೊಂದು ವಿದ್ಯೆ, ಅಣಕ. ಯಾರೇ ಬರಲಿ, ಅವರು ಮೆಟ್ಟಿಲು ಹತ್ತಿ ಹೋಗುವುದರೊಳಗೆ ಅವರ ದನಿ ಇವಳ ಗಂಟಲಲ್ಲಿ ಕೂತಿರುತ್ತಿತ್ತು.

ಅಣಕಕ್ಕೆ ಅವಳ ಅಚ್ಚುಮೆಚ್ಚಿನ ಬಲಿ ತಿಲೆಕ್. ಬಜಾರಿನಲ್ಲಿ ವಿಡಿಯೋ ಆಟದ ಕಂಟ್ರೋಲರ್ ರಿಪೇರಿ ಮಾಡುವವನು, ಮಧ್ಯಾಹ್ನದ ಬಿಡುವಿನಲ್ಲಿ ಆಡಲು ಬರುತ್ತಿದ್ದ. ಊರೆಲ್ಲ ಕೀಬೋರ್ಡ್ ಮೌಸ್ ಹಿಡಿದರೆ, ಇಲ್ಲವೇ ಹೆಬ್ಬೆರಳಿನಡಿ ಕಂಟ್ರೋಲರಿನ ಸ್ಟಿಕ್ ತಿರುಗಿಸಿದರೆ, ಇವನ ಕೈಯಲ್ಲಿ ಮೂರನೆಯದೊಂದು ವಿಚಿತ್ರ. ಸ್ಟಿಕ್ ಇರಬೇಕಾದಲ್ಲಿ ಎರಡು ದುಂಡನೆಯ ಟ್ರ್ಯಾಕ್‌ಪ್ಯಾಡ್. ಥೇಟ್ ಗೂಬೆಯ ಮುಖ.

"ಬಂತಪ್ಪಾ ಗೂಬೆ," ಎನ್ನುತ್ತಿದ್ದಳು ಸೈಕಾಲ್.

"ಯಾವುದು, ನಾನಾ, ಇದಾ?"

"ಇದು ಹಗಲಲ್ಲೂ ಕಣ್ಣು ಬಿಡುತ್ತೆ. ನಿಂಗೆ ಹಗಲಲ್ಲೂ ಕಾಣಲ್ಲ."

ಏನು ಕಾಣುವುದಿಲ್ಲ ಎಂದು ಅವನು ಕೇಳಿದ್ದರೆ ಅವಳು ಹೇಳುತ್ತಿದ್ದಳೋ ಏನೋ. ಅವನು ಕೇಳಲಿಲ್ಲ. ತಲೆ ತಗ್ಗಿಸಿ ನಕ್ಕು, ಅವಳ ಹಿಂದಿನ ಸೋಫಾದಲ್ಲಿ ಕೂತು, ಅವಳ ಪರದೆಯನ್ನೇ ನೋಡುತ್ತಿದ್ದ. ಆಟ ನೋಡುತ್ತಾನೆ ಎಂದುಕೊಂಡಿದ್ದಳು ಅವಳು.

ಹಾಗೆ ಏಳು ತಿಂಗಳು. ಆಮೇಲೆ ಓಶ್‌ನಿಂದ ಜಿಬೆಕ್ ಬಂದಳು.

ಜಿಬೆಕ್ ಎಂದರೆ ರೇಷ್ಮೆ. ಹೆಸರಿಗೆ ತಕ್ಕ ಕೂದಲು, ಕೂದಲಿಗೆ ತಕ್ಕ ನಗು. ದಕ್ಷಿಣದವರ ಆ ರಾಗ ಎಳೆಯುವ ಸಿಹಿ ಮಾತು. ಸ್ಟಿಕ್ ಆಟದಲ್ಲಿ ಓಶ್‌ನಲ್ಲೇ ಅವಳನ್ನು ಮೀರಿಸುವವರಿಲ್ಲವಂತೆ. ಸವೆದ ಸ್ಟಿಕ್ ಬದಲಾಯಿಸಲು ತಿಲೆಕ್‌ನ ಅಂಗಡಿಗೆ ಹೋದವಳು, ಅವನ ಜೊತೆಗೇ ಕ್ಲಬ್ಬಿಗೆ ಬಂದಳು. ಮರುದಿನವೂ ಬಂದಳು. ಅದರ ಮರುದಿನವೂ.

ಮೂರನೆಯ ದಿನ ಸೈಕಾಲ್ ಮೇಜಿನ ಹಿಂದಿನಿಂದ ನೋಡುತ್ತಿದ್ದಂತೆ, ತಿಲೆಕ್ ತನ್ನ ಪ್ಯಾಡಿನ ಮೇಲಿದ್ದ ಜಿಬೆಕ್‌ಳ ಹೆಬ್ಬೆರಳು ಹಿಡಿದ.

"ಬೆರಳಿನ ತುದಿ ಬೇಡ," ಎಂದ. "ಈ ಮೆತ್ತನೆ ಭಾಗ ಇಡು. ಹಾಂ, ಹೀಗೆ."

ಹೀಗೆ! ಆ 'ಹೀಗೆ' ಸೈಕಾಲ್‌ಳ ಎದೆಯಲ್ಲಿ ಮೆಣಸಿನಕಾಯಿಯಂತೆ ಇಳಿಯಿತು. ಅವಳು ಎಣಿಸಿದಳು. ಒಂದು, ಎರಡು, ಮೂರು... ಹನ್ನೊಂದು ಸೆಕೆಂಡಿಗೆ ಅವನು ಬೆರಳು ಬಿಟ್ಟ. ಬೆರಳು ಸರಿಮಾಡುವುದಕ್ಕೆ ಎರಡು ಸಾಕು.

"ಸೈಕಾಲ್, ನೀವು ಯಾಕೆ ಸ್ಟಿಕ್ ಹಿಡಿಯಲ್ಲ?" ಜಿಬೆಕ್ ಸ್ನೇಹದಿಂದಲೇ ಕೇಳಿದಳು.

"ಗುರಿ ಇಡೋ ಅಭ್ಯಾಸ ಇದೆ, ಅದಕ್ಕೆ. ಮೌಸ್ ಅಂದ್ರೆ ಬೊಟ್ಟು ಮಾಡಿ ತೋರಿಸಿದ ಹಾಗೆ. ಕಣ್ಣು ಹೋದಲ್ಲಿ ಕೈ. ಸ್ಟಿಕ್ಕಲ್ಲಿ ಗುರಿ ಇಡೋದು ಚಮಚದಲ್ಲಿ ಸೂಜಿಗೆ ದಾರ ಪೋಣಿಸಿದ ಹಾಗೆ."

"ಗುರಿ ಸರಿ. ನಡೆಯೋದು? ಕೀಬೋರ್ಡಲ್ಲಿ ಎಂಟೇ ದಿಕ್ಕು, ಒಂದೇ ವೇಗ. ನಮ್ಮ ಸ್ಟಿಕ್ ಚೂರು ಒತ್ತಿದ್ರೆ ಬೆಕ್ಕು, ಪೂರ್ತಿ ಒತ್ತಿದ್ರೆ ಕುದುರೆ."

ತಿಲೆಕ್‌ನ ಕಣ್ಣು ಮಿಂಚಿತು. "ಅದಕ್ಕೇ ನಾನು ಪ್ಯಾಡ್ ಅನ್ನೋದು! ಸವರಿದ್ರೆ ಮೌಸಿನ ಹಾಗೆ ಸರಿಯುತ್ತೆ. ಬೀಸಿ ಬಿಟ್ರೆ ಚೆಂಡಿನ ಹಾಗೆ ಉರುಳ್ತಾ ಹೋಗುತ್ತೆ, ಉರುಳಿದಷ್ಟೂ ಅಂಗೈಯಲ್ಲಿ ಟಿಕ್ ಟಿಕ್ ಅನ್ನುತ್ತೆ. ಎಷ್ಟು ನುಣುಪು, ಎಷ್ಟು ಬಿಗಿ, ಎಲ್ಲ ನಮಗೆ ಬೇಕಾದ ಹಾಗೆ ಸೆಟ್ಟಿಂಗ್ ಮಾಡಿ ಉಳಿಸಿಟ್ಕೋಬಹುದು."

"ಕುದುರೆನೂ ಅಲ್ಲ, ಕತ್ತೆನೂ ಅಲ್ಲ," ಎಂದಳು ಸೈಕಾಲ್. "ಹೇಸರಗತ್ತೆ."

"ಬೆಟ್ಟ ಹತ್ತೋದು ಹೇಸರಗತ್ತೆನೇ."

ಜಿಬೆಕ್ ಕಿಲಕಿಲ ನಕ್ಕಳು. ನಗುತ್ತಾ ಅವನ ಭುಜಕ್ಕೆ ಮೆಲ್ಲನೆ ಒಂದು ಏಟು ಕೊಟ್ಟಳು. ಅವಳಿಗೆ ಅದು ಬರಿಯ ನಗು. ಸೈಕಾಲ್‌ಗೆ ಕಂಡದ್ದು ಭುಜ.

ಆಗ ಚಹಾದ ಹೊತ್ತು. ಸೈಕಾಲ್ ಎಂದಿನಂತೆ ತಾನೇ ಎದ್ದು ಬಟ್ಟಲುಗಳಿಗೆ ಸುರಿದಳು. ಜಿಬೆಕ್‌ಗೆ ಮೂರು ಗುಟುಕಿನಷ್ಟು; ಚೂರು ಚೂರೇ ಮತ್ತೆ ಮತ್ತೆ ಸುರಿಯುವುದೇ ಅಲ್ಲಿ ಮರ್ಯಾದೆ. ಎಜೆಗೂ ಅಷ್ಟೇ. ತಿಲೆಕ್‌ನ ಬಟ್ಟಲಿಗೆ ಬಂದಾಗ ಕೆಟಲ್ಲಿನ ಮೂತಿ ಮೇಲೇಳಲಿಲ್ಲ. ಚಹಾ ಅರ್ಧ ದಾಟಿತು, ಮುಕ್ಕಾಲು ದಾಟಿತು, ಅಂಚಿಗೆ ಬಂದು ನಡುಗುತ್ತಾ ನಿಂತಿತು.

ಕ್ಲಬ್ಬಿನಲ್ಲಿದ್ದವರೆಲ್ಲ ಆಟ ಬಿಟ್ಟು ಆ ಬಟ್ಟಲಿನತ್ತ ತಿರುಗಿದರು.

ತಿಲೆಕ್ ಬಟ್ಟಲನ್ನು ನೋಡಿದ. ಅವಳನ್ನು ನೋಡಿದ. ಕಿವಿ ಕೆಂಪಾಯಿತು. ಸುಡುಸುಡುವ ಚಹಾವನ್ನು ನಿಲ್ಲಿಸದೆ ಕುಡಿದು ಮುಗಿಸಿ, "ಆಯ್ತು," ಎಂದು ಎದ್ದು ಹೋದ. ಕಂಟ್ರೋಲರ್ ಬ್ಯಾಗಿನ ಜಿಪ್ ಕೂಡ ಹಾಕಲಿಲ್ಲ.

"ಏನೇ ಮಾಡ್ದೆ ಹುಡುಗೀ!" ಜಿಬೆಕ್ ಅವನ ಹಿಂದೆ ಹೋದ ಮೇಲೆ ಬುರುಲ್ ಎಜೆ ಹಣೆ ಚಚ್ಚಿಕೊಂಡಳು. "ಅಂಚಿನ ತನಕ ತುಂಬಿಸ್ತಾರಾ? ಕುಡಿದು ಜಾಗ ಖಾಲಿ ಮಾಡು ಅಂತ ಊರ ಮುಂದೆ ಹೇಳಿದ ಹಾಗಾಯ್ತು. ನಮ್ಮತ್ತೆ ತನ್ನ ನಾದಿನಿಗೆ ಒಂದು ಸಲ ಹಾಗೆ ಸುರಿದಿದ್ಳು, ಅವಳು ಹತ್ತು ವರ್ಷ ಹೊಸಿಲು ತುಳೀಲಿಲ್ಲ."

"ತುಳಿಯೋದು ಬೇಡ. ಓಶ್‌ನ ರೇಷ್ಮೆ ಹಾಸ್ಕೊಂಡು ನಡೀಲಿ."

"ನಡೀತಾನೆ ಕಣೇ, ನಿಜವಾಗ್ಲೂ ನಡೀತಾನೆ. ಜಿಬೆಕ್‌ಳ ಅಣ್ಣ ಓಶ್‌ನಲ್ಲಿ ದೊಡ್ಡ ರಿಪೇರಿ ಅಂಗಡಿ ಹಾಕ್ತಿದಾನೆ. ಇವನನ್ನ ಕರೀತಿದಾನೆ. ಇವನು ಭಾನುವಾರದ ತನಕ ಟೈಮ್ ಕೇಳಿದ್ದ ಪಾಪ. ಯಾತಕ್ಕೆ ಕಾಯ್ತಿದ್ನೋ! ಈಗ ನೀನೇ ಉತ್ತರ ಸುರಿದ್ಬಿಟ್ಟೆ."

ಸೈಕಾಲ್‌ಗೆ ತಿಲೆಕ್‌ನ ಅಣಕ ಮಾಡಿ ಮಾತು ಹಾರಿಸಬೇಕೆನಿಸಿತು. "ಬೆಟ್ಟ ಹತ್ತೋದು..." ಎಂದು ಅವನ ದನಿಯಲ್ಲೇ ಶುರುಮಾಡಿದಳು. ದನಿ ಅರ್ಧಕ್ಕೆ ಕೈಕೊಟ್ಟಿತು.

ಭಾನುವಾರ ಬೆಳಿಗ್ಗೆ, ಮೌಸ್ ಮೇಲೋ ಸ್ಟಿಕ್ಕೋ ಪ್ಯಾಡೋ ಎಂದು ತೀರ್ಮಾನಿಸಲು ಎಜೆ ಮೊದಲೇ ಗೊತ್ತುಮಾಡಿದ್ದ ಪಂದ್ಯ. ಮೂರು ವಿದ್ಯೆ, ಮೂರು ಜನ, ಇನ್ನೂ ನಲವತ್ತು ಜನ ನೋಡಲಿಕ್ಕೆ. ಆಟ ಸರಳ: ಕಂದಕದ ಮೇಲಿನ ಕಿರಿದಾದ ಹಗ್ಗದ ಸೇತುವೆ ದಾಟಿ, ಆಚೆ ತೂಗುಬಿಟ್ಟ ಹನ್ನೆರಡು ಗಡಿಗೆಗಳಿಗೆ ಬಾಣ ಬಿಡಬೇಕು. ಸೇತುವೆ ನಡಿಗೆಗೆ, ಗಡಿಗೆ ಗುರಿಗೆ.

ತಿಲೆಕ್ ಬಂದ. ಸೈಕಾಲ್‌ಗೆ ತಲೆಯಾಡಿಸಿದ, ಅಪರಿಚಿತರಿಗೆ ಆಡಿಸುವಂತೆ. ಕಂಟ್ರೋಲರನ್ನು ದೊಡ್ಡ ಪರದೆಗೆ ಜೋಡಿಸಿಟ್ಟು, ಎಜೆ ಹೇಳಿದಳೆಂದು ಕುರ್ಚಿ ತರಲು ಹೋದ. ಕೈಜೋಡಿಸಲು ಜಿಬೆಕ್ ಹೋದಳು. ಇಬ್ಬರ ನಗು ಮೆಟ್ಟಿಲ ಮೇಲಿನಿಂದ ಉರುಳಿಬಂತು.

ಅಷ್ಟು ಸಾಕಾಯಿತು. ಆ ರೇಷ್ಮೆಯ ಎದುರಿಗೆ ಅವನು ಇಂಗು ತಿಂದ ಮಂಗನಾಗಬೇಕು! ಜನ ಜಾಗ ಹಿಡಿಯುವ ಗದ್ದಲದಲ್ಲಿರುವಾಗಲೇ ಸೈಕಾಲ್ ಅವನ ಗೂಬೆಯ ಸೆಟ್ಟಿಂಗ್ ತೆರೆದಳು. ಎಡದ ಪ್ಯಾಡು: ಮುಂದೆ ಎಂದಿದ್ದನ್ನು ಹಿಂದೆ ಮಾಡಿದಳು. ಬಲದ ಪ್ಯಾಡು: ಮೇಲನ್ನು ಕೆಳಗೆ, ಎಡವನ್ನು ಬಲಕ್ಕೆ. ಉಳಿಸು ಎಂದು ಒತ್ತಿದಳು.

ಉಳಿಯಿತು. ಜೊತೆಗೆ, ಅವನು ಹಿಂದೆ ಉಳಿಸಿಟ್ಟ ಸೆಟ್ಟಿಂಗುಗಳ ಪಟ್ಟಿ ಮೇಲೆ ಬಂತು.

ಸೈಕಾಲ್ ೧. ಸೈಕಾಲ್ ೨. ಸೈಕಾಲ್ ೩...

ಬೆರಳು ತಾನಾಗಿ ಪಟ್ಟಿಯನ್ನು ಸರಿಸುತ್ತಾ ಹೋಯಿತು. ಪ್ರತಿಯೊಂದರ ಪಕ್ಕ ಒಂದು ಟಿಪ್ಪಣಿ. '೯: ಗುರಿ ಹತ್ತಿರ ಬಂದಾಗ ಚೂರು ನಿಧಾನ ಮಾಡ್ತಾಳೆ, ಉಸಿರು ಹಿಡೀತಾಳೆ.' '೨೨: ಸಿಟ್ಟು ಬಂದ್ರೆ ಬಲಕ್ಕೆ ಜಾಸ್ತಿ ಎಳೀತಾಳೆ.' '೪೧: ಗೆದ್ದಾಗ ಮೌಸನ್ನ ಸುಮ್ಮನೆ ಒಂದು ಸುತ್ತು ತಿರುಗಿಸ್ತಾಳೆ. ಇದು ಪ್ಯಾಡಿಗೆ ಬರ್ತಿಲ್ಲ.' ಏಳು ತಿಂಗಳ ಮಧ್ಯಾಹ್ನಗಳು. ಅವನು ನೋಡುತ್ತಿದ್ದದ್ದು ಆಟವನ್ನಲ್ಲ, ಅವಳ ಕೈಯನ್ನು. ತನ್ನ ಹೆಬ್ಬೆರಳಿಗೆ ಅವಳ ಕೈಯ ನಡೆ ಕಲಿಸುತ್ತಿದ್ದ.

ಪಟ್ಟಿಯಲ್ಲಿ ಜಿಬೆಕ್ ಎಲ್ಲೂ ಇರಲಿಲ್ಲ. ಕೊನೆಯದು ಸೈಕಾಲ್ ೬೩: 'ಇದು ಹೆಚ್ಚುಕಡಿಮೆ ಅವಳೇ.' ಈಗಷ್ಟೇ ಅವಳು ತಲೆಕೆಳಗು ಮಾಡಿ ಉಳಿಸಿದ್ದು ಅದನ್ನೇ.

ಹಿಂದಕ್ಕೆ ತಿರುಗಿಸಲು ಕೈ ಹಾಕುವಷ್ಟರಲ್ಲಿ ಎಜೆ ಚಪ್ಪಾಳೆ ತಟ್ಟಿದಳು. "ಬನ್ರೋ, ಬನ್ರೇ, ಶುರು!"

ಜಿಬೆಕ್ ಸೇತುವೆಯನ್ನು ಬೆಕ್ಕಿನಂತೆ ದಾಟಿದಳು, ಗಡಿಗೆಗಳ ಹತ್ತಿರ ತಡಕಾಡಿದಳು. ಸೈಕಾಲ್ ಸೇತುವೆಯಿಂದ ಎರಡು ಸಲ ಬಿದ್ದಳು. ಯಾವತ್ತೂ ತಪ್ಪದ ಬಾಣ ಗಡಿಗೆಗಳ ಪಕ್ಕದಿಂದ ಹಾದುಹೋಯಿತು. ಆಮೇಲೆ ತಿಲೆಕ್.

ಅವನ ಬಿಲ್ಲುಗಾರ ಮುಂದೆ ಹೆಜ್ಜೆಯಿಡಲು ಹೋಗಿ ಹಿಂದೆ ನಡೆದ. ದಾರಿ ನೋಡಲು ಹೋಗಿ ಆಕಾಶ ನೋಡಿದ. ಗಾಬರಿಯಲ್ಲಿ ಬಾಣ ಬಿಟ್ಟ, ಹದ್ದೊಂದು ಬಿತ್ತು. ನಲವತ್ತು ಜನ ಹೊಟ್ಟೆ ಹಿಡಿದುಕೊಂಡರು. ಜಿಬೆಕ್‌ಗೆ ನಕ್ಕು ನಕ್ಕು ಬಿಕ್ಕಳಿಕೆ ಬಂತು. ನಗದವಳು ಒಬ್ಬಳೇ.

"ನಾನೇ ಮಾಡಿದ್ದು!" ಸೈಕಾಲ್ ಪರದೆಗೆ ಅಡ್ಡ ಬಂದು ನಿಂತಳು. ಈ ದನಿ ಯಾರ ಅಣಕವೂ ಆಗಿರಲಿಲ್ಲ. "ಪ್ಯಾಡ್ ಉಲ್ಟಾ ಮಾಡಿದ್ದು ನಾನು. ನೀನು ಅವಳ ಹೆಬ್ಬೆರಳು ಹಿಡಿದಿದ್ದೆ. ಹನ್ನೊಂದು ಸೆಕೆಂಡು. ಎಣಿಸಿದೀನಿ. ಹೊಟ್ಟೆ ಉರೀತು, ಚಹಾ ಸುರಿದೆ. ಅದೂ ಸಾಲದು ಅಂತ ಇದು. ಆಮೇಲೆ ಪಟ್ಟಿ ನೋಡ್ದೆ. ನಿನ್ನ ಅರವತ್ತಮೂರು ಹಾಳಾಯ್ತು ತಿಲೆಕ್... ಓಶ್‌ಗೆ ಹೋಗ್ಬೇಡ."

ತಿಲೆಕ್ ಎದ್ದು ನಿಂತ. ಕಿವಿ ಎರಡೂ ಮಾಗಿದ ಟೊಮೆಟೊ.

"ಪಟ್ಟಿ... ಪೂರ್ತಿ ನೋಡಿದ್ಯಾ?"

"ನಲವತ್ತೊಂದನ್ನ ಎರಡು ಸಲ."

ಅವನು ಕಂಟ್ರೋಲರ್ ಕೆಳಗಿಡಲು ಮರೆತು, ಅವಳ ಬಲಗೈಯನ್ನು ತನ್ನ ಎಡಗೈಯಲ್ಲಿ ತೆಗೆದುಕೊಂಡ. "ಅರವತ್ತಮೂರು ಹೋಗ್ಲಿ ಬಿಡು. ಅದೂ ಸರಿ ಬಂದಿರ್ಲಿಲ್ಲ. ಕೈ ಹಿಡಿಯೋ ಧೈರ್ಯ ಇಲ್ಲದವನು ಏಳು ತಿಂಗಳು ಕೈಯ ನಕಲು ಮಾಡ್ತಾ ಕೂತಿದ್ದೆ."

ಜಿಬೆಕ್ ಬಿಕ್ಕಳಿಕೆ ನುಂಗಿಕೊಂಡು ಹತ್ತಿರ ಬಂದಳು. ಆಮೇಲೆ ಉಸಿರು ಬಿಟ್ಟು, "ಹನ್ನೆರಡು, ಹದಿಮೂರು..." ಎಂದು ಜೋರಾಗಿ ಎಣಿಸತೊಡಗಿದಳು. "ನನ್ನ ಬೆರಳು ಇಷ್ಟು ಹೊತ್ತು ಹಿಡಿದಿರ್ಲಿಲ್ಲಪ್ಪ. ಅಣ್ಣನಿಗೆ ಬೇರೆಯವರನ್ನ ಹುಡುಕೋಕೆ ಹೇಳ್ತೀನಿ."

ಅಷ್ಟರಲ್ಲಿ ತಿಲೆಕ್‌ನ ಬಲ ಹೆಬ್ಬೆರಳು ಪ್ಯಾಡಿಗೆ ತಾಗಿರಬೇಕು. ಪರದೆಯ ಬಿಲ್ಲುಗಾರ ಬುಗುರಿಯಂತೆ ಗಿರಗಿರನೆ ತಿರುಗಿದ. ಗಾಬರಿಯಾದ ತಿಲೆಕ್ ಒಂದೇ ಕೈಯಲ್ಲಿ ತಡೆಯಲು ಹೋದ; ಬಿಲ್ಲುಗಾರ ಗಂಭೀರವಾಗಿ ಎದೆಯುಬ್ಬಿಸಿ, ಹಿಂದೆ ಹಿಂದೆ ನಡೆದು, ಕಂದಕಕ್ಕೆ ಬಿದ್ದ.

ತಿಲೆಕ್‌ಗೆ ಮೊದಲು ಮೂಗಿನಿಂದ ಒಂದು ಸದ್ದು ಬಂತು. ಆಮೇಲೆ ಹೊಟ್ಟೆಯಿಂದ. ಕೈ ಬಿಡದೆಯೇ ಅವನು ನೆಲಕ್ಕೆ ಕುಸಿದು ಕೂತ; ಅವಳೂ ಜೊತೆಗೆ ಕುಸಿದಳು. "ಹದ್ದು!" ಎನ್ನುತ್ತಿದ್ದ, ಮುಂದೆ ಮಾತು ಹೊರಡದೆ ಕಣ್ಣೊರೆಸಿಕೊಳ್ಳುತ್ತಿದ್ದ, "ಅಯ್ಯೋ, ಆ ಹದ್ದು!" ನಲವತ್ತು ಜನರ ನಗು ನಿಂತು ಎಷ್ಟೋ ಹೊತ್ತಾದರೂ ಅವನದು ನಿಲ್ಲಲಿಲ್ಲ. ಹನ್ನೆರಡು ಮೆಟ್ಟಿಲ ಮೇಲೆ, ಬೀದಿಯಲ್ಲಿ ಹೋಗುತ್ತಿದ್ದವರು ಬಗ್ಗಿ ನೋಡಿ, ಪಂದ್ಯ ಗೆದ್ದವನು ಇವನೇ ಇರಬೇಕು ಎಂದುಕೊಂಡರು.