ಬೇವು ಹೊದಿಸಿದ ಕುಡಿಕೆ

ತಂಬಿಟ್ಟಿನ ಮೇಲಿನ ದೀಪ ಇನ್ನೇನು ಆರಬೇಕು... ಅಷ್ಟರಲ್ಲಿ ಎರಡು ಕೈಗಳು ಗಾಳಿಗೆ ಅಡ್ಡ ಬಂದವು!

ಚಿಕ್ಕಸಿದ್ದಮ್ಮ ತಟ್ಟೆಯಿಂದ ಕಣ್ಣೆತ್ತಿದಳು.

ಮಂಚಯ್ಯ! ಪ್ಲೇಗ್ ಬರುವ ಮೊದಲು ಅವಳಿಗೆ ವೀಳ್ಯ ಕೊಟ್ಟು ಮದುವೆ ಗೊತ್ತುಮಾಡಿ ಹೋಗಿದ್ದ ಕಂಪಲಾಪುರದ ಮಂಚಯ್ಯ.

ಎದೆ ಹಾರಬೇಕಿತ್ತು. ಸಿಟ್ಟಾದರೂ ಬರಬೇಕಿತ್ತು. ಏನೂ ಬರಲಿಲ್ಲ.

"ದಾರಿ ಬುಡಿ. ಅಮ್ಮನ ಆರತಿ ಇದು."

"ಬುಡ್ತೀನಿ. ನಾಳೆ ನಮ್ಮಪ್ಪ ಬೇರೆ ಕಡೆ ವೀಳ್ಯ ತಕಂಡು ಓಯ್ತಾನೆ. ಅದ್ಕೆ ಮುಂಚೆ ನಿನ್ನ ಒಂದ್ ಮಾತು ಕೇಳ್ಬೇಕು..."

"ಗಡಿಕಲ್ಲತ್ರ ಏನವ್ವಾ ಸಂತೆ?" ಹಿಂದಿನಿಂದ ಸೋದರತ್ತೆ ಕೆಂಪಾಜಮ್ಮ ಕೂಗಿದಳು. "ನಡಿ ನಡಿ, ಮಾರಮ್ಮಂಗೇ ಅಸಿವಾಗೈತೆ!"

ಗುಡಿಯಲ್ಲಿ ಹೆಂಗಸರೆಲ್ಲ ಕಣ್ಣು ಮುಚ್ಚಿ ಬೇಡಿಕೊಂಡರು. ಸಿದ್ದಮ್ಮನಿಗೆ ಬೇಡಲು ಏನೂ ಹೊಳೆಯಲಿಲ್ಲ. ಪ್ಲೇಗಿನಲ್ಲಿ ಅವ್ವ ಹೋದಾಗಿನಿಂದ ಹೀಗೇ. ಅಳು ಬರದು. ಬಾಯಿಗಿಟ್ಟದ್ದರ ರುಚಿ ತಿಳಿಯದು.

ಪ್ರಸಾದ ಹಿಡಿದು ಮರಳಿದಾಗ ಅವನು ಅಲ್ಲೇ ನಿಂತಿದ್ದ.

"ನಾ ಕೊಟ್ಟಿದ್ದ ಯಾಕೆ ಮುಟ್ನಿಲ್ಲ ಸಿದ್ದಮ್ಮ?"

"ಏನ್ ಕೊಟ್ರಿ? ಅವ್ವ ಸಾಯೋವಾಗ ಈ ಕಡೆ ತಲೆನೂ ಆಕ್ನಿಲ್ಲ ನೀವು."

"ಪ್ಲೇಗು ಅಂತ ಊರ ದಾರಿಗೆ ಮುಳ್ಳುಬೇಲಿ ಬಡಿದಿದ್ರು, ಒಳೀಕೆ ಬುಡ್ನಿಲ್ಲ. ವಾರವಾರ ಈ ಕಲ್ ಮ್ಯಾಲೆ ಕುಡಿಕೇಲಿ ರಾಗಿಹಿಟ್ಟು, ಬೆಲ್ಲ ಮಡಗೋದೆ. ತಿರ್ಗ ಬಂದ್ರೆ ಅಂಗೇ ಇರೋದು... ನಾನೇ ನಿಂಗೆ ಬ್ಯಾಡಾದೆ ಅನ್ಕಂಡೆ."

ಸಿದ್ದಮ್ಮ ಗಡಿಕಲ್ಲನ್ನೇ ನೋಡಿದಳು.

"ಮ್ಯಾಲೆ... ಬೇವಿನ್ ಸೊಪ್ಪು ಮುಚ್ಚಿದ್ರಾ?"

"ಊಂ. ಇರುವೆ ಮುತ್ತದಂಗೆ."

ಗಡಿಯಲ್ಲಿ ಬೇವು ಹೊದಿಸಿಟ್ಟದ್ದು ಮಾರಿಯ ಎಡೆ. ರೋಗವನ್ನು ಊರಾಚೆ ಸಾಗಿಸಲು ಇಡುವುದು. ಮುಟ್ಟಿದರೆ ಮಾರಿ ಮನೆಗೇ ಬರುತ್ತಾಳೆಂದು ಕೂಸಿಗೂ ಗೊತ್ತು. ಸಿದ್ದಮ್ಮ ಅದನ್ನು ಮುಟ್ಟದೆ ಸುತ್ತುಹಾಕಿ ನೀರಿಗೆ ಹೋಗುತ್ತಿದ್ದಳು. ಮನೆಯಲ್ಲಿ ಅವ್ವ ಒಂದು ಚೂರು ಬೆಲ್ಲ ಕೇಳುತ್ತ ಕೇಳುತ್ತಲೇ...

"ಮಾರಿ ಎಡೆ ಅನ್ಕಂಡೆ. ದಿನಾ ಕೈ ಮುಗೀತಿದ್ದೆ ಕಣ್ರೀ ಅದ್ಕೆ."

ಮಂಚಯ್ಯ ಕಲ್ಲಿನ ಪಕ್ಕ ಕುಸಿದು ಕೂತ. ಕೆಂಪಾಜಮ್ಮ ಬಂದಳು, ಇಬ್ಬರನ್ನೂ ನೋಡಿದಳು. ಸೆರಗು ಹೊದ್ದು ಮುಂದೆ ಹೋದಳು.

ಅವನು ತಲೆಯೆತ್ತಿ ಕೇಳಿದ. "ಅಪ್ಪಂಗೆ ಏನನ್ಲಿ?"

ಸಿದ್ದಮ್ಮ ತಂಬಿಟ್ಟು ಮುರಿದು ಕೊಟ್ಟಳು. ಅವನು ಅದರಲ್ಲೇ ಒಂದು ಚೂರು ಅವಳ ಅಂಗೈಯಲ್ಲಿಟ್ಟ. ಮಾರಮ್ಮನಿಗೆ ಎಡೆಯಾದದ್ದು. ಬೇಡವೆನ್ನುವಂತಿಲ್ಲ. ಬಾಯಿಗೆ ಹಾಕಿಕೊಂಡಳು.

"ಸೀ ಐತಾ?"

"ಗೊತ್ತಾಯ್ತಾ ಇಲ್ಲ..." ನಿಧಾನ ಅಗಿದಳು. "ಬ್ಯಾಡ ಅನ್ನಿ ಅಪ್ಪಂಗೆ."

ಅವನ ಮುಖ ಕಂದಿತು. "ನಾ ಬ್ಯಾಡ್ವಾ?"

"ಬೇರೆ ಕಡೆ ಓಗದು ಬ್ಯಾಡ ಅನ್ನಿ."

ಅವಳ ಕೈ ಇನ್ನೂ ಚಾಚಿಯೇ ಇತ್ತು.

"ಇನ್ನೊಂದು ಚೂರು ಕೊಡಿ."