ಗಾಜಿನಲ್ಲಿ ಕಂಡವನು

ಬನಹಟ್ಟಿಯ ಮಗ್ಗದ ಮಾಲೀಕ ಶಿವಯೋಗಿಯ ಶವ ಅವನದೇ ಮನೆಯ ನೂಲಿನ ಕೋಣೆಯಲ್ಲಿ ಬೋರಲಾಗಿ ಬಿದ್ದಿತ್ತು. ಮಧ್ಯಾಹ್ನ ಹನ್ನೆರಡೂವರೆ. ತಲೆಯ ಹಿಂಬದಿ ಒಡೆದಿತ್ತು. ಪಕ್ಕದಲ್ಲಿ ಬೋಲ್ಟು ಬಿಗಿಯುವ ದೊಡ್ಡ ಪಾನಾ. ಸುತ್ತಲೂ ಕೆಂಪು ನೂಲು. ರಕ್ತ ಎಲ್ಲಿಂದ ಶುರುವಾಗುತ್ತದೆಂದು ತಿಳಿಯಲು ಸಬ್ ಇನ್ಸ್‌ಪೆಕ್ಟರ್ ಮಧುಮತಿಗೆ ಕೊಂಚ ಹೊತ್ತು ಹಿಡಿಯಿತು.

ಶವವನ್ನು ಮೊದಲು ಕಂಡವಳು ಹೆಂಡತಿ ಮುತ್ತವ್ವ. ಸಂತೆಯ ಚೀಲ ಇನ್ನೂ ಅವಳ ಕೈಯಲ್ಲೇ ಇತ್ತು. ಕೆಳಗಿಡಬೇಕೆಂದು ಅವಳಿಗೆ ತೋಚಿರಲಿಲ್ಲ. ಅವಳು ಅಳುತ್ತಲೂ ಇರಲಿಲ್ಲ.

ಅವಳು ಸಂತೆಗೆ ಹೋದಾಗ ಶಿವಯೋಗಿಯೊಡನೆ ಮನೆಯಲ್ಲಿದ್ದವರು ಇಬ್ಬರೇ. ಹಿಂದಿನ ಶೆಡ್ಡಿನಲ್ಲಿ ನಾಲ್ಕು ಮಗ್ಗ ನಡೆಸುತ್ತಿದ್ದ ಕೆಲಸಗಾರ ಮಾಳಿಂಗರಾಯ. ಪಡಸಾಲೆಯಲ್ಲಿ ಟೀವಿ ನೋಡುತ್ತಿದ್ದೆನೆಂದ ಶಿವಯೋಗಿಯ ತಮ್ಮ ಗುರುಸಿದ್ದ.

"ಮಾಳಿಂಗರಾಯ ಒಳಗ ಹೋಗಿದ್ದನ್ನ ನೀವು ನೋಡಿದ್ರೇನು?" ಮಧುಮತಿ ಗುರುಸಿದ್ದನನ್ನು ಕೇಳಿದಳು.

"ನೋಡೇನ್ರಿ ಮೇಡಂ. ನೂಲಿಗೆ ಬಂದಾನಂತ ಸುಮ್ನಾದೆ."

"ಬಾಗಿಲಿಗಿ ಬೆನ್ನ ಮಾಡಿ ಕುಂತಿದ್ರಿ. ಮಗ್ಗದ ಸಪ್ಪಳದಾಗ ಗೊತ್ತಾಗಿದ್ದು ಹ್ಯಾಂಗ?"

"ಕಿವೀಗಿ ಏನೂ ಕೇಳಸೂದಿಲ್ರಿ. ಟೀವಿ ನೋಡೂದೂ ಸುಮ್ನ ಕಣ್ಣಿಲೇನ. ಟೀವಿ ಗಾಜಿನ್ಯಾಗ ಕಂಡಾ."

ಮಾಳಿಂಗರಾಯನ ಅಂಗಿಯ ಮೇಲೆ ರಕ್ತವಿತ್ತು. ಹಿಂದಿನ ದಿನ ಸೀರೆಯ ಅಂಚು ತಪ್ಪಿತೆಂದು ಶಿವಯೋಗಿ ಅವನನ್ನು ಬೈದಿದ್ದ.

"ಲಾಳಿ ಸಿಡದು ಹುಬ್ಬಿಗಿ ಬಡೀತ್ರಿ," ಎಂದ ಮಾಳಿಂಗರಾಯ.

ಯಾರೂ ನಂಬಲಿಲ್ಲ. ಸಂಜೆಯೊಳಗೆ ಅವನು ಲಾಕಪ್ಪಿನಲ್ಲಿದ್ದ. ಕೊಲೆಯ ಕೇಸು, ಕಣ್ಣಾರೆ ಕಂಡ ಸಾಕ್ಷಿ. ಅವನ ಬದುಕು ಅಲ್ಲಿಗೆ ಮುಗಿದಂತೆಯೇ.

* * *

ಮರುದಿನ ಕೊಲೆಯಾದ ಜಾಗದ ನಕ್ಷೆ ಬರೆಯಲು ಮಧುಮತಿ ಮತ್ತೆ ಬಂದಳು. ಗುರುಸಿದ್ದ ಹಿಂದಿನ ದಿನ ತೋರಿಸಿದ್ದ ಕುರ್ಚಿಯಲ್ಲಿ ಕೂತಳು. ಓಣಿಯ ಮಗ್ಗಗಳು ಎಂದಿನಂತೆ ಬಡಿದುಕೊಳ್ಳುತ್ತಿದ್ದವು. ಟೀವಿಯಲ್ಲಿ ಕ್ರಿಕೆಟ್ಟು.

"ಮುದಕಪ್ಪ, ಬಾಗಿಲಿನಿಂದ ನೂಲಿನ ಖೋಲಿಗಿ ಹೋಗ್ರಿ," ಎಂದು ಪೇದೆಗೆ ಕೂಗಿದಳು.

ಟೀವಿಯನ್ನೇ ನೋಡುತ್ತ ಕಾದಳು. ಯಾರೂ ಕಾಣಲಿಲ್ಲ.

"ಹೋಗ್ರಿ ಅಂದ್ನೆಲ್ಲ!"

ಮುದಕಪ್ಪ ಅವಳ ಕಿವಿಯ ಬಳಿ ಬಗ್ಗಿದ. "ಎರಡ ಸಲ ಹೋಗಿ ಬಂದೂ ಆತ್ರಿ. ಸೊರಗೀಯಂತ ಮನ್ಯಾಗ ಅಂತಿದ್ರು, ಕಾಣದಷ್ಟು ಸೊರಗೇನಂತ ಗೊತ್ತಿರಲಿಲ್ಲ."

ಟೀವಿ ಆರಿಸಿ ನೋಡಿದಳು. ಕಪ್ಪು ಪರದೆಯ ಮೇಲೆ ಬಾಗಿಲ ಬೆಳಕು ಬರಿಯ ಮಸುಕು ಕಲೆ. ಮನುಷ್ಯನ ಗುರುತು ಹತ್ತಲಿಲ್ಲ.

"ಮುತ್ತವ್ವಾರ, ಈ ಟೀವಿ ಯಾವಾಗ ಬಂತು?"

"ಮೊನ್ನಿ ಸಂಜೀಕರಿ. ಹಳೇದು ಎಂಟ ವರ್ಷ ಇತ್ತು. ಅದರಾಗ ಸಿನಿಮಾಕಿಂತ ನಮ್ಮ ಓಣೀನ ಹೆಚ್ಚ ಕಾಣತಿತ್ತು."

"ಗುರುಸಿದ್ದ ಆವಾಗ ಇಲ್ಲೇ ಇದ್ದನೇನು?"

"ಇಲ್ರಿ. ನಾಕ ದಿನಾ ಬೀಳಗಿ ಊರಾಗಿದ್ದಾ. ನಿನ್ನಿ ನಾ ಸಂತಿಗಿ ಹೊಂಡೂ ಹೊತ್ತಿಗಿ ಬಂದಾ."

* * *

ಹೊಸ ಟೀವಿ ಮಾರಿದ್ದ ಜಮಖಂಡಿಯ ಜ್ಞಾನೇಶ್ವರನ ಅಂಗಡಿಯಲ್ಲಿ, ಬದಲಿಗೆ ಕೊಟ್ಟಿದ್ದ ಶಿವಯೋಗಿಯ ಹಳೆಯ ಪ್ಲಾಸ್ಮಾ ಟೀವಿ ಇನ್ನೂ ಇತ್ತು. ಮಗ್ಗುಲಲ್ಲಿ ಶಿವಯೋಗಿ ಒಯ್ದಂಥದ್ದೇ, ಅಷ್ಟೇ ಅಳತೆಯ ಎಲ್‌ಸಿಡಿ. ಜ್ಞಾನೇಶ್ವರ ಎರಡರಲ್ಲೂ ಒಂದೇ ಸಿನಿಮಾ ಹಚ್ಚಿದ.

"ಆರಿಸಿಟ್ರ ಎರಡೂ ಕರೀ ಹಲಗೀನರಿ. ಹಾಯ್ದು ಹೋಗಾಂವಗ ಫರಕ ತಿಳಿಯೂದಿಲ್ಲ."

ಹಚ್ಚಿದಾಗ ಬೇರೆಯೇ. ಪ್ಲಾಸ್ಮಾದಲ್ಲಿ ಕಪ್ಪು ನಿಜವಾಗಿಯೂ ಕಪ್ಪು; ಬದಿಗೆ ಸರಿದು ನೋಡಿದರೂ ಸೀರೆಯ ಕೆಂಪು ಮಾಸಲಿಲ್ಲ. ಎಲ್‌ಸಿಡಿಯಲ್ಲಿ ಅದೇ ಕಪ್ಪು ಬೂದಿಯಾಗಿತ್ತು. ಆದರೆ ಹಗಲ ಬೆಳಕಿಗೆ ಅದು ಹೆದರುವಂತಿರಲಿಲ್ಲ.

"ಛಲೋದನ್ನ ಬಿಟ್ಟು ಶಿವಯೋಗಿ ಇದನ್ಯಾಕ ಒಯ್ದಾ?"

"ಚಿತ್ರ ಪ್ಲಾಸ್ಮಾದ್ದೇ ಛಲೋರಿ. ಆದ್ರ ಅದರ ಮಾರಿಗಿ ಗಾಜು. ಎದುರಿಗಿ ಬಾಗಲಾ ಇದ್ರ ಹಗಲೆಲ್ಲಾ ಕನ್ನಡೀನ. ಇದರ ಮಾರಿ ಒರಟ. ಏನೂ ಮೂಡೂದಿಲ್ಲ."

ಪ್ಲಾಸ್ಮಾದಲ್ಲಿ, ನಾಯಕಿಯ ಕಪ್ಪು ಕೂದಲ ಮೇಲೆ, ಮಧುಮತಿಗೆ ತನ್ನ ಟೋಪಿ ಸ್ಪಷ್ಟವಾಗಿ ಕಂಡಿತು. ಎಲ್‌ಸಿಡಿಯಲ್ಲಿ ಅವಳು ಇರಲೇ ಇಲ್ಲ.

* * *

ಸಂಜೆಗೆ ಮುಂಚೆ ಗುರುಸಿದ್ದನನ್ನು ಅದೇ ಕುರ್ಚಿಯಲ್ಲಿ ಕೂರಿಸಿದಳು.

"ಮುದಕಪ್ಪ ಹಿಂದ ಎಷ್ಟ ಸಲ ಅಡ್ಡಾಡಿದಾ, ಹೇಳ್ರಿ."

ಗುರುಸಿದ್ದ ಪರದೆಯನ್ನು ದಿಟ್ಟಿಸಿದ. ಬಹಳ ಹೊತ್ತು ದಿಟ್ಟಿಸಿದ. ಕೊನೆಗೆ ಕತ್ತು ಹಿಂದಕ್ಕೆ ತಿರುಗಿಸಿದ.

"ಟೀವಿ ಬದಲಾಗೈತಿ," ಎಂದಳು ಮಧುಮತಿ. "ಎಂಟ ವರ್ಷ ಗಾಜಿನ್ಯಾಗ ಬಾಗಲಾ ನೋಡಿದ್ರಿ. ಅದೇ ರೂಢಿ ಬಾಯಿಗಿ ಬಂತು. ನಿನ್ನಿ ಈ ಕುರ್ಚ್ಯಾಗ ಒಂದ ಗಳಿಗಿ ಕುಂತಿದ್ರ, ಇದರಾಗ ಯಾರೂ ಕಾಣೂದಿಲ್ಲಂತ ಗೊತ್ತಾಗತಿತ್ತು. ನೀವು ಕುಂತಿಲ್ಲ. ಕಾಣದವನ ಹೆಸರ ಹೇಳಿದ್ರಿ. ಹಂಗಾದ್ರ ಎಲ್ಲಿದ್ರಿ?"

ಅವನು ಎದ್ದು ಓಡಲಿಲ್ಲ. ಧ್ವನಿಯೂ ಏರಲಿಲ್ಲ.

"ನಾಕೂ ಮಗ್ಗಾ ಗುಜರೀಗಿ ಹಾಕತೇನಿ ಅಂತ ಅಣ್ಣ ಅಂದಾರಿ. ಅಪ್ಪನ ಮಗ್ಗಾ. ನನಗ ಬ್ಯಾರೆ ಕೆಲಸಾ ಬರೂದಿಲ್ಲ. ಬ್ಯಾಡೋ ಅಣ್ಣಾ ಅಂದೆ. ಬೆನ್ನ ತಿರುವಿ ನೂಲ ಎಣಸಾಕತ್ತಾ. ಪಾನಾ ಅಲ್ಲೇ ಇತ್ತು."

"ಮಾಳಿಂಗರಾಯ ಏನ ಮಾಡಿದ್ದಾ?"

"ಏನೂ ಇಲ್ರಿ. ಯಾರರೆ ಒಬ್ರು ಬೇಕಾಗಿತ್ತು."

ಬಾಗಿಲಲ್ಲಿ ನಿಂತಿದ್ದ ಮುತ್ತವ್ವ ಎಲ್ಲವನ್ನೂ ಕೇಳಿದಳು. ನಂತರ ಒಳಗೆ ಹೋಗಿ ಒಲೆಯ ಮುಂದೆ ಕೂತಳು. ಒಲೆ ಹೊತ್ತಿರಲಿಲ್ಲ.

* * *

ಮಧುಮತಿ ಲಾಕಪ್ಪಿನ ಬೀಗ ತೆಗೆಸಿದಳು. ಮಾಳಿಂಗರಾಯನ ಹುಬ್ಬಿನ ಗಾಯ ಒಣಗಿ ಕಪ್ಪಾಗಿತ್ತು. ಆ ಗಾಯವನ್ನು ಅವಳು ಈಗಷ್ಟೇ ಸರಿಯಾಗಿ ನೋಡಿದಳು.

"ಹೋಗ್ರಿ. ನೀವಲ್ಲಂತ ಗೊತ್ತಾತು."

ಅವನು ಕೂತಲ್ಲಿಂದ ಏಳಲಿಲ್ಲ.

"ಮನ್ಯಾಗ ಏನಂತ ಹೇಳ್ಲಿರಿ?"

"ಬಿಟ್ರು ಅಂತ ಹೇಳ್ರಿ."

"ಮತ್ತ ಹಿಡದಿದ್ದು ಯಾಕ ಅಂತ ಕೇಳ್ತಾರಲ್ರಿ ಮೇಡಂ."

ಮಧುಮತಿ ಬಾಗಿಲನ್ನು ಪೂರ್ತಿ ತೆರೆದು ಪಕ್ಕಕ್ಕೆ ನಿಂತಳು.